ಬಾಯಲ್ಲಿ ಬಚ್ಚಿಟ್ಟ ಹುಲಿಯುಗುರು

ಮಕ್ಕಳೇ, ನಾನು ಕತೆ ಬರೆಯುತ್ತಿರುವುದು ಇದೇ ಮೊದಲು. ಹೇಳುವುದು ಸರಿಯಾಗದಿದ್ದರೆ ಕ್ಷಮಿಸಿ. ಅತ್ತಿಗೆ ಊಟಕ್ಕೆ ಕರೆಯುವುದರೊಳಗೆ ಮುಗಿಸಬೇಕು, ಆದರೂ ನಡುನಡುವೆ ವಿವರಿಸುತ್ತೇನೆ. ಗೊತ್ತಿರುವವರು ಅದನ್ನು ದಾಟಿಕೊಂಡು ಹೋಗಬಹುದು.

ಒಂದು ಕಾಡಿನಲ್ಲಿ ಗುಳ್ಳೆನರಿಯೂ ಮುಳ್ಳುಹಂದಿಯೂ ಅಕ್ಕಪಕ್ಕದ ಬಿಲಗಳಲ್ಲಿದ್ದವು. ಅಕ್ಕಪಕ್ಕ ಎಂದರೆ ಒಂದು ಕೆಮ್ಮಿದರೆ ಇನ್ನೊಂದಕ್ಕೆ ಕೇಳಿಸುವಷ್ಟು ಹತ್ತಿರ.

ಕಾಡಿನ ಅಂಚಿನಲ್ಲಿ ಪಾಳುಬಿದ್ದ ಬೇಟೆ ಬಂಗಲೆಯಿತ್ತು. ಹಿಂದಿನ ಕಾಲದ ಬೇಟೆಗಾರರು ಪ್ರಾಣಿಗಳನ್ನು ಕೊಂದು, ಅವುಗಳ ಕೊಂಬು, ದಂತ, ಉಗುರುಗಳಿಂದ ಅಲಂಕಾರದ ವಸ್ತುಗಳನ್ನು ಮಾಡಿಸಿ ಅಲ್ಲಿಟ್ಟಿದ್ದರು. ನರಿಗೆ ಅವುಗಳ ಹುಚ್ಚು. ದಂತದ ಬಾಚಣಿಗೆ, ಜಿಂಕೆ ಕೊಂಬಿನ ಹಿಡಿಯ ಚಾಕು, ಮುಳ್ಳುಹಂದಿ ಮುಳ್ಳಿನ ಪೆಟ್ಟಿಗೆ, ಹೀಗೆ ಒಂದೊಂದನ್ನೇ ಕಚ್ಚಿಕೊಂಡು ಬಂದು ಬಿಲದಲ್ಲಿ ಜೋಡಿಸಿತ್ತು.

"ಆ ಪೆಟ್ಟಿಗೆ ನೋಡಿದರೆ ನನಗೆ ಮೈ ಜುಂ ಎನ್ನುತ್ತೆ, ನರಿಯಣ್ಣ. ಅದು ನಮ್ಮವರ ಮೈಯದು" ಎಂದಿತ್ತು ಮುಳ್ಳುಹಂದಿ.

"ನಿಮ್ಮವರು ಬದುಕಿದ್ದಾಗ ಇಷ್ಟು ಹೊಳೆಯುತ್ತಿರಲಿಲ್ಲ ಬಿಡಕ್ಕ!" ಎಂದು ನರಿ ನಕ್ಕಿತ್ತು.

ಒಂದು ಬೆಳಿಗ್ಗೆ ನರಿಗೆ ಬಂಗಲೆಯಲ್ಲಿ ಬೆಳ್ಳಿ ಕಟ್ಟಿದ ಹುಲಿಯುಗುರು ಸಿಕ್ಕಿತು. ಹೊರಬರುವಾಗ ಹಿತ್ತಲಿನ ಕಲ್ಲುತೊಟ್ಟಿಯಿಂದ ಕುಂಯ್ ಕುಂಯ್ ಸದ್ದು. ಇಣುಕಿದರೆ ಹುಲಿಮರಿ! ಒಳಗೆ ಬಿದ್ದು, ಹತ್ತಲಾಗದೆ ಅಳುತ್ತಿತ್ತು.

'ಮೊದಲು ಈ ಉಗುರನ್ನು ಮನೆಯಲ್ಲಿಟ್ಟು, ಆಮೇಲೆ ಮರಿಯ ಅಮ್ಮನಿಗೆ ಹೇಳೋಣ' ಎಂದುಕೊಂಡು ನರಿ ಓಡಿತು. (ತಪ್ಪಾದದ್ದು ಇಲ್ಲೇ. ಆದರೆ ಈಗಲೇ ಹೇಳಿದರೆ ಕತೆ ಕೆಡುತ್ತದೆ.)

ಬಿಲದಲ್ಲಿ ಉಗುರನ್ನು ಈ ಗೋಡೆಗೆ ತೂಗುಹಾಕಿ ನೋಡಿತು, ಆ ಗೋಡೆಗೆ ತೂಗುಹಾಕಿ ನೋಡಿತು. ಮಧ್ಯಾಹ್ನವಾಯಿತು. ಮಳೆ ಹಿಡಿಯಿತು. ಆ ತೊಟ್ಟಿ ತುಂಬುವುದು ಮಳೆನೀರಿನಿಂದಲೇ, ನೆನಪಿಡಿ.

ಮುಳ್ಳುಹಂದಿ ಏದುಸಿರು ಬಿಡುತ್ತ ಬಂತು. "ನರಿಯಣ್ಣ! ಹುಲಿಯಮ್ಮ ಮರಿ ಹುಡುಕುತ್ತ ಪ್ರತಿ ಬಿಲಕ್ಕೂ ಇಣುಕುತ್ತಿದ್ದಾಳೆ!"

"ಮರಿ ಎಲ್ಲಿದೆ ಅಂತ ನನಗೆ ಗೊತ್ತು. ಆದರೆ ಈ ಉಗುರು ಕಂಡರೆ ನನ್ನ ಸಿಗಿದುಹಾಕ್ತಾಳೆ!"

"ಎಸಿ ಅದನ್ನ!"

"ನೂರು ವರ್ಷದ್ದು, ಅಕ್ಕ!"

"ಅವಳೇನು ಅದರ ವಯಸ್ಸು ಕೇಳ್ತಾಳೇನೋ?"

ಅಷ್ಟರಲ್ಲಿ ಹುಲಿ ಬಾಗಿಲಿಗೆ ಬಂದೇಬಿಟ್ಟಿತು. ಗಾಬರಿಯಲ್ಲಿ ನರಿ ಉಗುರನ್ನು ಬಾಯೊಳಗಿಟ್ಟು ತುಟಿ ಬಿಗಿದುಕೊಂಡಿತು.

"ನನ್ನ ಮರಿ ಕಂಡೆಯಾ?"

ನರಿ ಮಾತಾಡಲಿಲ್ಲ. ಬಾಯಿ ತೆರೆದರೆ ಉಗುರು ಬೀಳುತ್ತದಲ್ಲ!

"ಕಂಡೆಯಾ ಅಂದೆ. ಇನ್ನೂ ಕಾಲು ಬಲಿಯದ ಕೂಸು ಅದು."

ಮಳೆ ಜೋರಾಯಿತು. ನರಿ 'ಇಲ್ಲ' ಎಂದು ತಲೆಯಾಡಿಸಿತು. ಹುಲಿ ಗುಡ್ಡದ ಕಡೆಗೆ ತಿರುಗಿತು. ಬಂಗಲೆ ಇದ್ದದ್ದು ಇನ್ನೊಂದು ಕಡೆಗೆ.

ಮುಳ್ಳುಹಂದಿಗೆ ತಡೆಯಲಾಗಲಿಲ್ಲ. ಮುಳ್ಳುಹಂದಿ ಚುಚ್ಚುವುದು ಮುಂದೆ ನುಗ್ಗಿ ಅಲ್ಲ, ಹಿಂದಕ್ಕೆ ನಡೆದು. ಅದು ತಿರುಗಿ ನಿಂತು ಮುಳ್ಳು ನಿಮಿರಿಸಿ, ಹಿಮ್ಮುಖವಾಗಿ ನರಿಯ ತೊಡೆಗೇ ಬಂದು ಗುದ್ದಿತು.

"ಅಯ್ಯಯ್ಯೋ!"

ಟಣ್ ಎಂದು ಉಗುರು ಕಲ್ಲಿನ ಮೇಲೆ ಬಿತ್ತು. ಹುಲಿ ತಿರುಗಿ ಅದನ್ನು ಮೂಸಿತು. ಅದರ ಬೆನ್ನ ಕೂದಲು ನಿಮಿರಿತು.

"ತೊಟ್ಟಿ! ಬಂಗಲೆ ಹಿತ್ತಲಿನ ತೊಟ್ಟಿ!" ನರಿ ಕಿರುಚಿತು.

ಹುಲಿ ಹಾರಿ ಹೋಯಿತು. ನೀರು ಮರಿಯ ಮೂಗಿಗೆ ಮುಟ್ಟಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ವಿವರಿಸುವುದಿಲ್ಲ.

ಮರಿಯನ್ನು ಕಚ್ಚಿಕೊಂಡು ಹುಲಿ ಮರಳಿ ಬಂದು, ಅದನ್ನು ಕೆಳಗಿಟ್ಟು ಕೇಳಿತು: "ಈ ಉಗುರು ಯಾರದು?"

"ಗೊತ್ತಿಲ್ಲ ತಾಯಿ. ತುಂಬ ಹಳೆಯದು..."

"ಮರಿಯನ್ನು ಯಾವಾಗ ಕಂಡೆ?"

"ಬೆ... ಬೆಳಿಗ್ಗೆ."

ಹುಲಿ ನರಿಯ ಬಾಲದ ಮೇಲೆ ಪಂಜವಿಟ್ಟಿತು. "ಚೆಂದದ ಬಾಲ. ಇದೂ ಹಳೆಯದಾಗುತ್ತೆ. ಹೇಳು, ಯಾವ ಗೋಡೆಗೆ ತೂಗುಹಾಕಲಿ?"

ನರಿ ಬಾಲ ಎಳೆದುಕೊಳ್ಳಲು ನೋಡಿತು. ಹುಲಿ ಪಂಜ ತೆಗೆದು, ಮರಿಯನ್ನೆತ್ತಿಕೊಂಡು ಹೊರಟುಹೋಯಿತು.

ಅಂದೇ ನರಿ ತನ್ನಲ್ಲಿದ್ದದ್ದನ್ನೆಲ್ಲ ಮಣ್ಣು ಮಾಡಿತು. ಮುಳ್ಳಿನ ಪೆಟ್ಟಿಗೆಗೆ ಮಾತ್ರ ಮುಳ್ಳುಹಂದಿಯೇ ಗುಂಡಿ ತೋಡಿತು.

ನೀತಿ: ಸತ್ತವರ ಚೆಂದಕ್ಕೆ ಮರುಳಾಗಿ ಬದುಕಿರುವವರ ಕೂಗಿಗೆ ಕಿವುಡಾಗಬಾರದು. ಅಂದರೆ, ಅಂಥ ವಸ್ತು ಕಂಡಾಗ ಎಷ್ಟು ಹಳೆಯದು ಎಂದಲ್ಲ, ಯಾರ ಮೈಯಲ್ಲಿತ್ತು ಎಂದು ಮೊದಲು ಕೇಳಬೇಕು, ಏಕೆಂದರೆ... ಬಂದೆ, ಅತ್ತಿಗೆ, ಬಂದೆ!