ಅಂಬಿಗನ ಓ

“ಅಜ್ಜಾರೇ, ‘ಓ’ ಅನ್ನುವ ಮಾತು ಮೊದಲು ಹುಟ್ಟಿದ್ದು ಯಾವ ನುಡಿಯಲ್ಲಿ?”

ಕೊಟ್ರಯ್ಯ ಗುರುಗಳ ಬಳಿ ಓಡಿಬಂದು ಕೇಳಿದ. ಮಠದ ಬಾಗಿಲಿಗೆ ಹಸಿದು ಬಂದವರನ್ನು ಒಳಗೆ ಕರೆದು ಉಣ್ಣಲು ಕೂರಿಸುವ ಸರದಿ ಅಂದು ಅವನದು. ಆದರೆ ಪಂಕ್ತಿಯಲ್ಲಿ ಕೂತ ಯಾತ್ರಿಕರ ಬಾಯಿಂದ ಕೇಳಿದ್ದು ಅವನನ್ನು ನಿಂತಲ್ಲಿ ನಿಲ್ಲಗೊಟ್ಟಿರಲಿಲ್ಲ. ಕರೆದರೆ ನಾವು ಓ ಅನ್ನುತ್ತೇವೆ. ಮರಾಠಿಯವರೂ ಓ ಕೊಡುತ್ತಾರಂತೆ. ತೆಲುಗರಲ್ಲಿ ಓ ಅಂದರೆ ಒಂದು. ತಮಿಳರು ಮಾತಿನ ಕೊನೆಗೆ ಓ ಹಚ್ಚಿದರೆ ಅದು ಅನುಮಾನ. ಇಷ್ಟು ಗಿಡ್ಡ ಮಾತಿಗೆ ಇಷ್ಟೊಂದು ಮನೆಗಳಿದ್ದರೆ ತವರು ಯಾವುದು? ಅದು ತಿಳಿಯದೆ ತನಗೆ ಅನ್ನ ಇಳಿಯುವುದಿಲ್ಲ ಎಂದ.

ಗುರುಗಳು ನಕ್ಕು ಅವನನ್ನು ಕೂರಿಸಿಕೊಂಡು ಹೇಳಿದರು.

ಒಂದು ಹೊಳೆಗೆ ಒಬ್ಬ ಅಂಬಿಗನಿದ್ದ. ಅಲ್ಲೊಂದು ರೂಢಿ. ಆಚೆ ದಡದಿಂದ ಯಾರೇ ಕೂಗಲಿ, ಅಂಬಿಗ ಮೊದಲು ಓ ಅನ್ನಬೇಕು, ಆಮೇಲೆ ಹರಿಗೋಲಿಗೆ ಕೈ ಹಚ್ಚಬೇಕು. ಓ ಕೇಳಿದವರು ದಡದಲ್ಲಿ ಕೂತು ಕಾಯುತ್ತಾರೆ. ಕೇಳದವರು, ಅಂಬಿಗ ಇಲ್ಲವೆಂದುಕೊಂಡು ನೀರಿಗಿಳಿಯುತ್ತಾರೆ.

ಒಂದು ದಿನ ಅವನ ಗುಡಿಸಲಲ್ಲಿ ಒಬ್ಬ ತೆಲುಗು ವ್ಯಾಪಾರಿ, ಒಬ್ಬ ಮರಾಠಿ ಕುರಿಗಾರ ಕೂಡಿದರು. ಅಂಬಿಗನ ಓ ಕೇಳಿ ಅದರ ಮೇಲೇ ಮಾತು ಎದ್ದಿತು. ಅದು ನಮ್ಮದು ಎಂದ ಕುರಿಗಾರ. ಹಾಗಾದರೆ ನಿನ್ನ ಕುರಿಗಳನ್ನೂ ಸಾಕ್ಷಿಗೆ ಕರಿ ಎಂದು ವ್ಯಾಪಾರಿ ಕಿಚಾಯಿಸಿದ. ಅಂಬಿಗನಿಗೋ ಹಿಡಿಸಲಾರದ ಹಿಗ್ಗು. ದಿನಬೆಳಗಾದರೆ ತನ್ನ ಬಾಯಿಗೆ ಬರುವ ಮಾತಿಗೆ ಇಷ್ಟು ದೊಡ್ಡ ಬಳಗವಿದೆಯೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ತೊಡೆ ತಟ್ಟಿಕೊಂಡು, ಇನ್ನೂ ಹೇಳಿ, ಇನ್ನೂ ಹೇಳಿ ಎಂದ.

ಆಗ ಆಚೆ ದಡದಿಂದ ಒಬ್ಬ ತಾಯಿ ಕೂಗಿದಳು. ಅವಳ ಕೂಸಿಗೆ ಜ್ವರ. ಔಷಧಿ ಕೊಡುವವರು ಈಚೆ ದಡದಲ್ಲಿ. ಕೂಗು ಅಂಬಿಗನ ಕಿವಿಗೆ ಬಿತ್ತು. ಈ ಮಾತೊಂದು ಮುಗಿಯಲಿ ಎಂದುಕೊಂಡ. ಅವಳು ಮತ್ತೆ ಕೂಗಿದಳು. ವ್ಯಾಪಾರಿಯ ಮಾತು ಆಗಷ್ಟೇ ರಂಗೇರಿತ್ತು.

ಅವಳು ಸೆರಗು ಬಿಗಿದು, ಕೂಸನ್ನು ತಲೆಯ ಮೇಲೆತ್ತಿ ನೀರಿಗಿಳಿದಳು.

ನಡುಹೊಳೆಯಿಂದ ಕೂಸು ಚೀರಿದ್ದು ಕೇಳಿ ಮೂವರೂ ದಡಕ್ಕೆ ಓಡಿದರು. ಮೂವರೂ ಒಂದೇ ಉಸಿರಿಗೆ ಓ ಎಂದು ಕೂಗಿದರು. ಅವಳು ಎದೆಮಟ್ಟದ ನೀರಲ್ಲಿ ಕಾಲೂರಿ ನಿಂತಳು. ಅಂಬಿಗ ಜೀವದ ಹಂಗು ಬಿಟ್ಟು ಹುಟ್ಟುಹಾಕಿ ಇಬ್ಬರನ್ನೂ ಎತ್ತಿಕೊಂಡ. ಅವಳು ನಡುಗುತ್ತ ಕೇಳಿದಳು:

“ಇಲ್ಲೇ ಇದ್ದೆಯಲ್ಲೋ ಅಣ್ಣಾ. ಒಂದು ಓ ಅಂದಿದ್ದರೆ ದಡದಲ್ಲೇ ಕೂತಿರುತ್ತಿದ್ದೆನಲ್ಲ.”

ಅಂಬಿಗ ತಲೆ ತಗ್ಗಿಸಿ ಹುಟ್ಟುಹಾಕಿದ.

ಕತೆ ಮುಗಿಯಿತು. ಕೊಟ್ರಯ್ಯನ ಕಣ್ಣು ಇನ್ನೂ ಹೊಳೆಯುತ್ತಿತ್ತು. ಮೂವರೂ ಒಟ್ಟಿಗೇ ಕೂಗಿದರು ಎಂದಿರಿ, ಹಾಗಾದರೆ ಮಾತು ಮೂವರದೂ ಆಯಿತೇ, ಇಲ್ಲ ಮೊದಲು ಬಾಯಿ ತೆರೆದವನದೋ ಎಂದು ಶುರುಮಾಡಿದ. ಹೊರಗೆ ಬಾಗಿಲಲ್ಲಿ ಒಬ್ಬ ಮುದುಕಿಯ ದನಿ, ಒಳಗೆ ಯಾರಿದ್ದೀರಪ್ಪಾ ಎಂದಿತು. ಕೊಟ್ರಯ್ಯ ತನ್ನ ದನಿ ಏರಿಸಿದ. ಮುದುಕಿ ಮತ್ತೊಮ್ಮೆ ಕರೆದಳು. ಅವನು ಗುರುಗಳ ಹತ್ತಿರಕ್ಕೆ ಸರಿದು ಕೂತ.

ಗುರುಗಳು ಮೆಲ್ಲಗೆ ಅಂದರು: “ಕೊಟ್ರಯ್ಯಾ, ಬಾಗಿಲಲ್ಲಿರುವ ಮುದುಕಿ ಇನ್ನೂ ನೀರಿಗಿಳಿದಿಲ್ಲ.”