ನರಿಯ ಮೊಸರುಮನೆಗೆ ಕೆಲಸಕ್ಕೆ ಹೋದ ಅಳಿಲು

ಹೂಂಗುಟ್ಟುತ್ತಾ ಕೇಳಿ ಮಕ್ಕಳೇ. ಒಂದು ಕಾಡಿನಲ್ಲಿ ಒಬ್ಬ ಹುಲಿರಾಯನಿದ್ದ. ವಯಸ್ಸಾಗಿ ಹಲ್ಲು ಅಲ್ಲಾಡತೊಡಗಿದ ಮೇಲೆ ಅವನಿಗೆ ಮೊಸರನ್ನದ ಮೇಲೆ ಮನಸ್ಸಾಯಿತು. ರಾಜ ಉಂಡದ್ದನ್ನೇ ಪ್ರಜೆಗಳೂ ಉಣ್ಣಬೇಕಲ್ಲ? ಕಾಡೆಲ್ಲ ಮೊಸರು ಮೊಸರು ಅಂದಿತು. ಇದನ್ನು ಕಂಡು ಒಂದು ನರಿ ಹೊಸದಾಗಿ ಮೊಸರುಮನೆ ತೆರೆಯಿತು.

ಚಿಟುಕಿ ಎಂಬ ಅಳಿಲಿಗೆ ಅಲ್ಲೇ ಮೊದಲ ಕೆಲಸ. ಯುಗಾದಿವರೆಗೆ ದುಡಿದರೆ ಮೊಸರುಮನೆಯಲ್ಲಿ ನಿನಗೂ ಪಾಲು ಅಂತ ನರಿ ಮಾತು ಕೊಟ್ಟಿತ್ತು. ಅಳಿಲು ಬಾಲ ಬಾಚಿಕೊಂಡು ಹೋಯಿತು.

ಹೋಗಿ ನೋಡಿದರೆ ಮೂರು ಕೋಣೆ, ನಡುವೆ ಅಡ್ಡಗೋಡೆ. ಒಂದರಲ್ಲಿ ಮುಳ್ಳುಹಂದಿ ಹಾಲು ಕಾಯಿಸಬೇಕು. ಒಂದರಲ್ಲಿ ಕೊಕ್ಕರೆ ರೆಕ್ಕೆ ಬೀಸಿ ಆರಿಸಬೇಕು. ಒಂದರಲ್ಲಿ ಅಳಿಲು ಹೆಪ್ಪು ಹಾಕಬೇಕು. ಒಬ್ಬರ ಕೋಣೆಗೆ ಇನ್ನೊಬ್ಬರು ಇಣುಕುವಂತಿಲ್ಲ. ಇಡೀ ಕೆಲಸ ಒಬ್ಬರಿಗೇ ಬಂದರೆ ನಾಳೆ ಎದುರಿಗೇ ಅಂಗಡಿ ಇಟ್ಟಾರು ಅನ್ನೋದು ನರಿಯ ಯೋಚನೆ.

ಮೊದಲ ಗಡಿಗೆ ಹೆಪ್ಪಾಗಲಿಲ್ಲ. ಎರಡನೆಯದು ಬಾಯಿಗಿಡಲಾಗದ ಹುಳಿ. ಮೂರನೆಯದು ಲೋಳೆ ಲೋಳೆ. ಅಳಿಲು ಹೋಗಿ, ಏನು ತಪ್ಪಾಯಿತೆಂದು ನರಿಯನ್ನೇ ಕೇಳಿತು.

"ನನಗೇನು ಗೊತ್ತಮ್ಮ? ಅದನ್ನ ಕಂಡುಹಿಡಿಯೋಕೆ ತಾನೆ ನಿನ್ನ ಇಟ್ಕೊಂಡಿರೋದು," ಅಂದಿತು ನರಿ.

ಅಳಿಲು ತೆರೆದ ಬಾಯಿ ಮುಚ್ಚಲಿಲ್ಲ. ಮೊಸರುಮನೆಯ ಯಜಮಾನನಿಗೆ ಮೊಸರು ಮಾಡಲು ಬರುವುದಿಲ್ಲ!

ಯಜಮಾನನಿಗೆ ಬಾರದ್ದನ್ನು ಇನ್ನಾರನ್ನು ಕೇಳುವುದು? ಮಧ್ಯಾಹ್ನ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚುವಾಗ ಅಳಿಲು ಜೊತೆಯವರನ್ನು ಕೇಳಿತು. ಹಾಲು ಎಷ್ಟು ಕಾಯಬೇಕೆಂದು ಮುಳ್ಳುಹಂದಿ ಹೇಳಿತು. ಕೊಕ್ಕು ಅದ್ದಿದರೆ ಸುಡಬಾರದು, ಹಿತವಾಗಿರಬೇಕು ಅಂದಿತು ಕೊಕ್ಕರೆ. ಚಳಿಗೆ ಹೆಪ್ಪು ಹೆಚ್ಚು, ಸೆಕೆಗೆ ಕಡಿಮೆ ಅಂತ ತಾನು ಕಂಡುಕೊಂಡದ್ದನ್ನು ಅಳಿಲು ಇಬ್ಬರಿಗೂ ತಿಳಿಸಿತು. ಬರಬರುತ್ತಾ ಮೂವರಿಗೂ ಮೂರು ಕೆಲಸವೂ ಬಂತು. ಮೊಸರು ಕೊಯ್ದು ಬಡಿಸುವಷ್ಟು ಗಟ್ಟಿ ಕೂತಿತು. ನರಿಯ ಹೆಸರಿನಲ್ಲಿ ಅರಮನೆಗೂ ಹೋಯಿತು.

ಪಾಲಿನ ಮಾತನ್ನು ಮೂವರಿಗೂ ಕೊಟ್ಟಿದ್ದ ನರಿ ಯುಗಾದಿಯ ಹಿಂದಿನ ದಿನ ಅವರನ್ನು ಕರೆಯಿತು. ಪಾಲು ಸಿಕ್ಕಿತೆಂದು ಹಿಗ್ಗಿ ಬಂದವರಿಗೆ ಬಾಗಿಲು ತೋರಿಸಿತು. ಬಾಗಿಲಾಚೆ ಆಗಲೇ ಹೊಸಬರು ನಿಂತಿದ್ದರು.

"ಕೆಲಸ ಕಲಿತಿರಲ್ಲ, ಅದೇ ನಿಮ್ಮ ಪಾಲು."

ಮುಳ್ಳುಹಂದಿಯ ಮುಳ್ಳೆಲ್ಲ ನೆಟ್ಟಗಾದವು. ಕೊಕ್ಕರೆ ಎತ್ತಿದ ಕಾಲು ಇಳಿಸಲಿಲ್ಲ. ಅಳಿಲಿಗೆ ಅಳು ಕೂಡ ಬರಲಿಲ್ಲ, ಅಷ್ಟು ದಿಗಿಲು.

ದಿಗಿಲು ಇಳಿದ ಮೇಲೆ ಮೂವರೂ ಹೊಂಗೆಮರದ ಕೆಳಗೇ ಒಲೆ ಹೂಡಿದರು. ನರಿಯ ಹೊಸಬರ ಮೊಸರು ಲೋಳೆಯಾಗಿ, ಗಿರಾಕಿಗಳೆಲ್ಲ ಇತ್ತಲೇ ಬಂದರು. ನರಿ ಹುಲಿರಾಯನ ಬಳಿ ಓಡಿತು. ಇವರು ನನ್ನ ಗುಟ್ಟು ಕದ್ದಿದ್ದಾರೆ, ಇವರ ಒಲೆ ಕೆಡವಿಸಿ ಅಂತ ಬೊಬ್ಬೆಯಿಟ್ಟಿತು.

ಹುಲಿರಾಯ ಮೂವರನ್ನೂ ಸಭೆಗೆ ಕರೆಸಿದ. ಅಳಿಲು ಕೈಮುಗಿಯಿತು. "ಮಹಾಪ್ರಭು, ಗುಟ್ಟು ನಮ್ಮ ಯಜಮಾನರದ್ದೇ ಆದರೆ ಇವತ್ತೇ ಒಲೆ ಆರಿಸ್ತೀವಿ. ಅವರು ಇಲ್ಲೇ ಒಂದು ಗಡಿಗೆಗೆ ಹೆಪ್ಪು ಹಾಕಿ ತೋರಿಸಲಿ."

ನರಿ ಮೀಸೆ ತಿರುವಿ, ಕುದಿಯುವ ಹಾಲಿಗೇ ಹೆಪ್ಪು ಸುರಿಯಿತು. ಹಾಲು ಒಡೆದು ನೀರೇ ಬೇರೆ, ಗಂಟೇ ಬೇರೆ ಆಯಿತು. ಹುಲಿರಾಯ ಗಡಿಗೆ ನೋಡಿದ, ನರಿಯನ್ನು ನೋಡಿದ, ಮತ್ತೆ ಗಡಿಗೆ ನೋಡಿದ.

"ಇವನ ಕೈಮೊಸರು ಅಂತ ಇಷ್ಟು ದಿನ ಹೊಗಳಿದ್ದು ನಾನೇನಾ?"

ಮೊಸರುಮನೆ ಮೂವರಿಗೆ ಸೇರಿತು. ನರಿಗೆ ಅಲ್ಲೇ ಗಡಿಗೆ ತೊಳೆಯುವ ಕೆಲಸವಾಯಿತು. ಮೊದಲ ದಿನ ಮಧ್ಯಾಹ್ನ ಅದು ಮೂಲೆಯಲ್ಲಿ ಮುದುಡಿ ಕೂತಿದ್ದಾಗ ಅಳಿಲು ಎಲೆ ಹಾಕಿ ಮೊಸರನ್ನ ಬಡಿಸಿತು.

"ಉಣ್ಣಿ. ಆಮೇಲೆ ಹಾಲು ಕಾಯಿಸೋದು ಹೇಳಿಕೊಡ್ತೀನಿ."

ಆಗ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದದ್ದು ನರಿಯೇ.

ನೀತಿ ಇಷ್ಟೇ ಮಕ್ಕಳೇ: ಮೊದಲ ಕೆಲಸದಲ್ಲಿ ಯಜಮಾನ ಕೊಟ್ಟ ಮಾತು ತಪ್ಪಬಹುದು, ಕಲಿತ ಕೆಲಸ ತಪ್ಪದು. ನಿಮ್ಮ ಕೋಣೆಯದನ್ನು ಕಲಿಯಿರಿ, ಪಕ್ಕದ ಕೋಣೆಯದನ್ನೂ ಕೇಳಿ ಕಲಿಯಿರಿ.