ತಳಕ್ಕಿಳಿವ ತಂತಿ

"ಅಮ್ಮಾ, ದಿನವಿಡೀ ಜನರ ಅಳಲು ಕೇಳುತ್ತೇನೆ. ಈಗೀಗ ಯಾರ ದುಃಖ ಯಾವುದೆಂದೇ ತಿಳಿಯದು. ಎಲ್ಲ ಕಲಸಿಹೋಗಿ ಎದೆ ಒಂದೇ ಸಮನೆ ಹೊಡೆದುಕೊಳ್ಳುತ್ತದೆ. ಮನಸ್ಸು ಚೆದುರದಿರಲೆಂದು ಸಂಜೆ ಅಕ್ಕನ ಜೊತೆ ಫೋನಿನಲ್ಲಿ ಹರಟುವುದನ್ನೂ ಬಿಟ್ಟೆ. ಅವಳದೋ ಬರೀ ಕಾಡುಹರಟೆ. ಬೆಕ್ಕು ಬಸುರಿ ಎಂಬುದೇ ದೊಡ್ಡ ಸುದ್ದಿ. ಇನ್ನೇನು ಬಿಡಲಿ?"

ಹೀಗೆ ಕೇಳಿದವಳು ಶಿಷ್ಯೆ ಶಾಂಭವಿ. ಬೆಳಗಾದರೆ ಮತ್ತೆ ಜನ ಬರುತ್ತಾರೆಂಬ ಅಂಜಿಕೆ ಅವಳ ದನಿಯಲ್ಲಿತ್ತು.

ಗುರುಮಾತೆ ಒಂದು ಕತೆ ಹೇಳಿದರು.

ಒಬ್ಬ ಅಳತೆಗಾರನಿದ್ದ. ಊರಿನ ಹೊಸ ಬಾವಿಯ ನೀರಿನಲ್ಲಿ ಯಾವುದೋ ಲೋಹ ಬೆರೆತಿತ್ತು. ಅದು ನಿರಪಾಯದ್ದೋ ವಿಷದ್ದೋ ಅವನು ಹೇಳಬೇಕಿತ್ತು. ಹೊರಗಿನಿಂದ ಶಕ್ತಿ ಕೊಟ್ಟು ಕೆಣಕಿದರೆ ಪ್ರತಿ ಲೋಹವೂ ತನ್ನದೇ ಶಕ್ತಿಯ ಎಕ್ಸ್‌ರೇ ಕಿರಣ ಸೂಸುತ್ತದೆ. ಆದರೆ ನಿರಪಾಯದ ಲೋಹದ ಮತ್ತು ವಿಷದ ಲೋಹದ ಕಿರಣಗಳ ನಡುವೆ ಕೂದಲೆಳೆಯಷ್ಟೇ ವ್ಯತ್ಯಾಸ.

ಅದಕ್ಕೆಂದು ಅವನು ಚಿನ್ನದ ಒಂದು ಕಣವನ್ನು, ಮಂಜುಗಡ್ಡೆಯೂ ಕೆಂಡವೆನಿಸುವಷ್ಟು ಚಳಿಯ ಪಾತ್ರೆಯೊಳಗೆ ಇಟ್ಟ. ನೀರಿನ ಲೋಹದಿಂದ ಹೊಮ್ಮಿದ ಕಿರಣ ಬಡಿದರೆ ಕಣ ಎಳ್ಳಷ್ಟು ಬಿಸಿಯೇರುತ್ತಿತ್ತು. ಆ ಬಿಸಿ ಅಳೆದರೆ ಕಿರಣದ ಶಕ್ತಿ ತಿಳಿಯುತ್ತಿತ್ತು. ಕಣದಿಂದ ಪಾತ್ರೆಯ ತಣ್ಣನೆಯ ತಳಕ್ಕೆ ಒಂದು ಸಣ್ಣ ತಂತಿ. ಬಿಸಿ ಅದರಲ್ಲಿ ಮೆಲ್ಲಗೆ ಇಳಿದು, ಕಣ ಮುಂದಿನ ಕಿರಣಕ್ಕೆ ಸಜ್ಜಾಗುತ್ತಿತ್ತು.

ಬಾಗಿಲಲ್ಲಿ ಜನ ಕೊಡ ಹಿಡಿದು ನಿಂತಿದ್ದರು. ಅಳತೆಗಾರನಿಗೆ ಅವಸರವಾಯಿತು. ಎಳ್ಳಷ್ಟು ಬಿಸಿ, ಅದರಲ್ಲೂ ತಂತಿಯ ಪಾಲೇ! ಸೋರಿಕೆ ಎಂದುಕೊಂಡ. ತಂತಿ ಕತ್ತರಿಸಿದ.

ಮೊದಲ ಕಿರಣ ಬಂತು. ಬಿಸಿ ಏರಿತು, ಇಳಿಯಲಿಲ್ಲ. ಅದರ ಮೇಲೆ ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ಯಾವ ಬಿಸಿ ಯಾವ ಕಿರಣದ್ದೆಂದು ಅವನಿಗೆ ತಿಳಿಯದಾಯಿತು.

ಕೂಸನ್ನು ಸೊಂಟಕ್ಕೇರಿಸಿಕೊಂಡಿದ್ದ ಒಬ್ಬ ಹೆಂಗಸು ಇಣುಕಿದಳು.

"ಸ್ವಾಮಿ, ನೀರು ಕುಡೀಬಹುದಾ, ಬೇಡವಾ?"

"ತಡಿಯಮ್ಮ, ಇದೊಂದು ತಣ್ಣಗಾಗಲಿ."

"ಇಷ್ಟು ಚಳಿಯಲ್ಲಿಟ್ಟರೂ ತಣ್ಣಗಾಗಲಿಲ್ಲವಾ? ಆಗಲಿ ಬಿಡಿ, ನಿಮ್ಮ ಪಾತ್ರೆಯ ಹೊಟ್ಟೆ ತಣ್ಣಗಿರಲಿ. ನನ್ನ ಕೂಸಿನ ಗಂಟಲು ಒಣಗಿದೆ."

ಅವಳು ಬಾವಿಯ ಕಡೆ ನಡೆದಳು. ಅವನಿಗೆ 'ಕುಡಿ' ಎನ್ನಲೂ ಬಾಯಿ ಬರಲಿಲ್ಲ, 'ಬೇಡ' ಎನ್ನಲೂ ಬರಲಿಲ್ಲ.

ಗುರುಮಾತೆ ಅಲ್ಲಿಗೆ ನಿಲ್ಲಿಸಿದರು. ಶಾಂಭವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದಳು.

"ಅಮ್ಮಾ, ಆ ಕೂಸು ಏನಾಯಿತು?"

"ಅದಿರಲಿ, ನಿನ್ನ ಅಕ್ಕನ ಬೆಕ್ಕು ಮರಿ ಹಾಕಿತೇನು?"